ಬಾಗಿಲು ಹಿಡಿದು ನಿಲ್ಲುತ್ತಿದ್ದವಳು

ಖಾಲಿ ಕೋಣೆಯಿಂದ ಹೊರಗೆ ಬಂದ ಮೇಲೆ ಬಾಗಿಲು ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಲ್ಲುವ ಹೆಂಗಸನ್ನು ನಾನು ನನ್ನ ಜೀವಮಾನದಲ್ಲಿ ಒಬ್ಬಳನ್ನೇ ನೋಡಿದ್ದು. ಒಳಗೆ ಯಾರೂ ಇರುತ್ತಿರಲಿಲ್ಲ. ಹಾಸಿಗೆಯ ಚಾದರ ಬದಲಾಗಿ, ಬಚ್ಚಲು ಒರೆಸಿ, ಕಸದ ಚೀಲ ಕಟ್ಟಿ ಆಗಿರುತ್ತಿತ್ತು. ಆದರೂ ಆಕೆ ಬಾಗಿಲನ್ನು ಮೊಣಕೈಯಿಂದ ತಡೆದು, ಸೆರಗು ಬಿಗಿ ಹಿಡಿದು, ಒಳಗಿನಿಂದ ಯಾರೋ ಹಿರಿಯರು ಬರಲಿಕ್ಕಿದ್ದಾರೆ ಅನ್ನುವ ಹಾಗೆ ದಾರಿ ಬಿಟ್ಟು ನಿಲ್ಲುತ್ತಿದ್ದಳು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಬಾಗಿಲು ಮುಚ್ಚಿ ಮುಂದಿನ ಕೋಣೆಗೆ. ದಿನಕ್ಕೆ ಮೂವತ್ತು ಕೋಣೆ ಇದ್ದರೆ ಮೂವತ್ತು ಸಲ.

ಹೋದ ತಿಂಗಳು ಗೋವಾದ ಉಸಗಾಂವದಲ್ಲಿ, ಮಗಳ ಮನೆಯಲ್ಲಿ ಆಕೆ ತೀರಿಕೊಂಡಳು. ಮಗಳು ಸುವರ್ಣಾ ಫೋನು ಮಾಡಿದಾಗ ನಾನು ಫಾತೋರ್ಡಾದ ಹೊಟೇಲೊಂದರ ಹಿಂಬಾಗಿಲಲ್ಲಿ ನಿಂತು ಲಾಂಡ್ರಿ ಗಾಡಿಗೆ ಚಾದರ ಎಣಿಸಿ ಹಾಕಿಸುತ್ತಿದ್ದೆ. ಈಗ ನನ್ನ ಕೆಲಸ ಅಲ್ಲಿ. "ಅಣ್ಣಾರ, ಅವ್ವ ಹೋದಳ್ರಿ" ಅಂದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ, ಮತ್ತೆ ತಪ್ಪಿತು.

ನಾನು ವಾಸ್ಕೊದಲ್ಲಿ ಹುಟ್ಟಿದವನು. ಅಪ್ಪ ಇಂಡಿ ತಾಲೂಕಿನಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡಿದವರು. ನಾನು ಹನ್ನೆರಡನೆಯ ತರಗತಿ ಮುಗಿಸಿ, ಪ್ರವಾಸಿ ಹಡಗುಗಳಿಗೆ ಸ್ವಚ್ಛತೆಯ ಹೆಂಗಸರನ್ನು ಒದಗಿಸುವ ಒಬ್ಬ ಗುತ್ತಿಗೆದಾರನ ಹತ್ತಿರ ಸುಪರ್‌ವೈಜರ್ ಆಗಿ ಸೇರಿದ್ದೆ. ಹಡಗು ಬೆಳಿಗ್ಗೆ ಬಂದು ದಕ್ಕೆಗೆ ತಾಗಿ ನಿಲ್ಲುತ್ತಿತ್ತು, ಸಂಜೆ ಹೊರಡುತ್ತಿತ್ತು. ಕೆಲವು ಪ್ರವಾಸಿಗರು ಗೋವಾದಲ್ಲೇ ಇಳಿದುಬಿಡುತ್ತಿದ್ದರು, ಅಷ್ಟೇ ಮಂದಿ ಹೊಸಬರು ಮಧ್ಯಾಹ್ನದ ಮೇಲೆ ಹತ್ತುತ್ತಿದ್ದರು. ಆ ನಡುವಿನ ಹೊತ್ತಿನಲ್ಲಿ ಇಳಿದವರ ಕೋಣೆಗಳನ್ನು ತೊಳೆದು ಒರೆಸಿ ಹೊಸಬರಿಗೆ ಅಣಿ ಮಾಡುವುದು ನಮ್ಮ ಹೆಂಗಸರ ಕೆಲಸ. ನನ್ನದು ಪಟ್ಟಿ ಬರೆಯುವ ಕೆಲಸ. ಬೆಳಿಗ್ಗೆ ಹಡಗಿನ ಏಣಿಯ ಬುಡದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ 'ಒಳಗೆ' ಅಂತ ಬರೆಯಬೇಕು, ಇಳಿಯುವಾಗ 'ಹೊರಗೆ' ಅಂತ.

ಆಕೆಯ ಹೆಸರನ್ನು ಆ ಪಟ್ಟಿಯಲ್ಲಿ ಬರೆಯುತ್ತಿದ್ದೆನೇ ಹೊರತು ಬಾಯಲ್ಲಿ ಅನ್ನುತ್ತಿರಲಿಲ್ಲ. ನಮ್ಮ ಹೆಂಗಸರಿಗೂ ನನಗೂ ಆಕೆ ದೊಡ್ಡವ್ವ. ಗೋವಾದ ಮಂದಿಗೆ ಮಾವಶಿ. ಹಡಗಿನ ಅಧಿಕಾರಿಗಳಿಗೆ ಆಂಟಿ. ಇಲ್ಲಿಯೂ ಹೆಸರು ಬೇಡ. ಎತ್ತರದ, ಒಣಕಲು ಮೈಯ ಹೆಂಗಸು. ಗುತ್ತಿಗೆದಾರ ಕೊಟ್ಟ ನೀಲಿ ಅಂಗಿಯನ್ನು ಇಳಕಲ್ ಸೀರೆಯ ಮೇಲೆ ತೊಟ್ಟು ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಳ್ಳುತ್ತಿದ್ದಳು. ಕೈಗಳು ಗಂಡಸಿನ ಕೈಗಳಂತೆ ದೊಡ್ಡವು. ಒದ್ದೆ ಚಾದರ ಹಿಂಡಿದರೆ ಮತ್ತೆ ಒಂದು ಹನಿ ಬೀಳುತ್ತಿರಲಿಲ್ಲ.

ಹಡಗಿನಲ್ಲಿ ಆಕೆಯದೇ ಕೆಲವು ಕಟ್ಟಳೆಗಳಿದ್ದವು. ಲಿಫ್ಟು ಹತ್ತುತ್ತಿರಲಿಲ್ಲ. "ತಾನ ಬಾಗಲಾ ತಗದು ತಾನ ಹಾಕ್ಕೊಳ್ಳೂದರಾಗ ನಾ ಕಾಲಿಡಂಗಿಲ್ಲ" ಅನ್ನುತ್ತಿದ್ದಳು. ಬಕೆಟ್ಟು ಹಿಡಿದು ಏಳು ಅಂತಸ್ತು ಮೆಟ್ಟಿಲಲ್ಲೇ. ಹಡಗಿನವರು ಮಧ್ಯಾಹ್ನ ನಮ್ಮವರಿಗೆಲ್ಲ ಅನ್ನ ಸಾರು ಕೊಡುತ್ತಿದ್ದರು. ಆಕೆ ಒಂದು ತುತ್ತು ತಿಂದದ್ದಿಲ್ಲ, ಗುಟುಕು ನೀರು ಕುಡಿದದ್ದಿಲ್ಲ. ಮೇ ತಿಂಗಳ ಸೆಕೆಯಲ್ಲೂ ಅಷ್ಟೇ. ಒಮ್ಮೆ ನಾನು ಬಾಟಲಿ ಹಿಡಿದು ಒತ್ತಾಯ ಮಾಡಿದೆ. ಹಿಂದೆ ಸರಿದಳು.

"ಹಡಗಿನ ನೀರು ಕುಡದ್ರ ಹಡಗಿಗೆ ನಮ್ಮ ರುಚಿ ಹತ್ತತೈತಿ, ತಮ್ಮಾ."

ಇನ್ನೊಂದು ಕಟ್ಟಳೆ ಹೆಸರಿನದು. ಹಡಗಿನ ಕೆಳಗಿನ ಅಂತಸ್ತುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕಿಟಕಿಯಿಲ್ಲದ ಉದ್ದನೆಯ ಓಣಿಗಳಿರುತ್ತವೆ. ಎರಡೂ ಬದಿ ಒಂದೇ ಥರದ ಬಾಗಿಲು, ಒಂದೇ ಥರದ ದೀಪ, ಒಂದೇ ಬಣ್ಣದ ನೆಲಹಾಸು, ದೂರದ ತುದಿ ಮಸುಕು. ಅಂಥ ಕಡೆ ನಮ್ಮ ಹೆಂಗಸರಲ್ಲೊಬ್ಬಳಾದ ರೇಣವ್ವ ಗೆಳತಿಯನ್ನು ಹೆಸರು ಹಿಡಿದು ಕೂಗಿದಳೆಂದರೆ ಈಕೆ ಸಿಟ್ಟಾಗುತ್ತಿದ್ದಳು. "ಉದ್ದನ ಓಣ್ಯಾಗ ಹೆಸರ ಹಿಡದು ಕರೀಬ್ಯಾಡ್ರೆ. ನೀವು ಕರಿಯೂದು ಒಬ್ಬಾಕಿನ್ನ, ಓ ಅನ್ನಾವ್ರು ಬ್ಯಾರೇನ ಇರತಾರ." ರೇಣವ್ವ ನಗುತ್ತಿದ್ದಳು. ಆದರೆ ಕೆಲವು ದಿನಗಳಲ್ಲಿ ಅವಳೂ ಚಪ್ಪಾಳೆ ತಟ್ಟಿ ಕರೆಯುವುದನ್ನು ಕಲಿತಳು. ನಾನೂ ಕಲಿತೆ.

ಹಾಗೆಂದು ಸದಾ ಗಂಭೀರಳೇನಲ್ಲ. ಮೇಲಿನ ಅಂತಸ್ತಿನ ಈಜುಕೊಳವನ್ನು ಮೊದಲ ಸಲ ಕಂಡಾಗ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸುತ್ತ ಇಷ್ಟ ದೊಡ್ಡ ಸಮುದ್ರ ಐತಿ. ಇವರು ಮ್ಯಾಲ ಒಂದು ಹೊಂಡಾ ಕಟ್ಟಿ ಅದರಾಗ ಕುಂತಾರ ನೋಡು, ಎಮ್ಮಿ ಕುಂತಂಗ!" ನನ್ನ ಮದುವೆಗೆ ಬಂದು ನನ್ನ ಹೆಂಡತಿಯ ಕೈ ಹಿಡಿದು, "ಇವಂಗ ಹೊಟ್ಟಿ ಬರಾಕತ್ತೈತಿ, ಅಕ್ಕಿ ಕಡಿಮಿ ಮಾಡು, ರೊಟ್ಟಿ ಹಾಕು" ಎಂದು ಎಲ್ಲರೆದುರು ಹೇಳಿದವಳು ಆಕೆ.

ಆಕೆಯ ಗಂಡನ ಬಗ್ಗೆ ನಾನು ಕೇಳಿದ್ದು ಮಂದಿಯ ಬಾಯಿಂದ. ಬಿಟ್ಟು ಓಡಿ ಹೋಗಿದ್ದಾನೆ ಅನ್ನುತ್ತಿದ್ದರು. ಆಕೆ ಹಣೆಗೆ ಕುಂಕುಮ ಹಚ್ಚಿಕೊಂಡೇ ಇರುತ್ತಿದ್ದಳು. ಆಕೆಯನ್ನು ಯಾರೂ ನೇರವಾಗಿ ಕೇಳುತ್ತಿರಲಿಲ್ಲ.

ಆ ದಿನ ನಡೆದದ್ದು ಕೊರೊನಾ ಕಳೆದು ಹಡಗುಗಳು ಮತ್ತೆ ಬರತೊಡಗಿದ ಮೊದಲ ಹಂಗಾಮಿನಲ್ಲಿ. ಮನೆಯೊಳಗೆ ಕೂತು ಬೇಸತ್ತ ಜನ ಹಡಗಿನ ಮೇಲೆ ಮುಗಿಬಿದ್ದಿದ್ದರು. ನಾವು ಹದಿಮೂರು ಜನ ಹತ್ತಿದೆವು, ಹನ್ನೆರಡು ಹೆಂಗಸರು ಮತ್ತು ನಾನು; ಪಟ್ಟಿಯಲ್ಲಿ ಹದಿಮೂರು ಹೆಸರು. ಮೇಲಿನ ಅಂತಸ್ತುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಂಡಿಯ ಸಾಲು ಮೆಟ್ಟಿಲಿನವರೆಗೆ ಬಂದಿತ್ತು. ಹಾಡು, ಮಕ್ಕಳ ಚೀರಾಟ, ಒದ್ದೆ ಟವೆಲ್ಲು, ಒಂದೇ ಬಣ್ಣದ ಟೀ ಶರ್ಟು ತೊಟ್ಟ ದೊಡ್ಡ ದೊಡ್ಡ ಕುಟುಂಬಗಳು. ಅರ್ಧ ಜನ ಬಸ್ಸು ಹಿಡಿದು ದೇವಸ್ಥಾನ, ಚರ್ಚು, ಬೀಚು ನೋಡಲು ಹೋದರು. ಉಳಿದರ್ಧವೇ ಒಂದು ಪೇಟೆಯಷ್ಟಿತ್ತು.

ನಾವು ಕೆಲಸ ಮಾಡುತ್ತಿದ್ದ ನಾಲ್ಕನೇ ಅಂತಸ್ತಿನ ಮುಂಭಾಗದಲ್ಲಿ ಮಾತ್ರ ಯಾರೂ ಇರಲಿಲ್ಲ. ಇಳಿದು ಹೋದವರು ದೀಪ ಆರಿಸಿರಲಿಲ್ಲ. ಪ್ರತಿ ಕೋಣೆಯಲ್ಲೂ ಟೀವಿ ಉರಿಯುತ್ತಿತ್ತು, ಆಗಲೇ ಹೋದವರ ಹೆಸರು ಹಿಡಿದು ಸ್ವಾಗತ ಹೇಳುತ್ತಿತ್ತು. ಕೊಕ್ಕೆಗೆ ನೇತು ಹಾಕಿದ, ಸ್ನಾನದ ಮೇಲೆ ತೊಡುವ ಬಿಳಿ ಗೌನುಗಳು ತಂಪು ಗಾಳಿಗೆ ತಾವಾಗಿ ತೋಳು ಆಡಿಸುತ್ತಿದ್ದವು. ಓಣಿಯ ಚಾವಣಿಯ ಸ್ಪೀಕರಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತಾ ಸಂಜೆಯ ಆಟಗಳ ಬಗ್ಗೆ ಯಾರೂ ಇಲ್ಲದ ನೆಲಹಾಸಿಗೆ ಹೇಳುತ್ತಿದ್ದಳು. ಕಟ್ಟಿ ನಿಲ್ಲಿಸಿದ ಹಡಗು, ಆದರೂ ಕಾಲ ಕೆಳಗೆ ಏನೋ ನಿಧಾನವಾಗಿ ಮಗ್ಗುಲು ಬದಲಿಸುತ್ತಿತ್ತು.

ಹನ್ನೆರಡರ ಸುಮಾರಿಗೆ ರೇಣವ್ವ ನನ್ನನ್ನು ಹುಡುಕಿಕೊಂಡು ಬಂದಳು.

"ಅಣ್ಣಾ, ಸ್ವಲ್ಪ ಬರ್ರಿ. ದೊಡ್ಡವ್ವ ಗ್ವಾಡಿಗೆ ಕಿವಿ ಕೊಟ್ಟು ನಿಂತಾಳ. ಕರದ್ರ ಮಾತಾಡವಲ್ಲಳು."

ಓಣಿಯ ತುದಿಯಲ್ಲಿ, ಬಾಗಿಲುಗಳೆಲ್ಲ ಮುಗಿದ ಮೇಲೆ, ಬರೀ ಹಲಗೆಯ ಗೋಡೆಯಿತ್ತು. ಆಕೆ ಅದಕ್ಕೆ ಎರಡೂ ಅಂಗೈ ಊರಿ ಕೆನ್ನೆ ಒತ್ತಿ ನಿಂತಿದ್ದಳು. ನನ್ನನ್ನು ಕಂಡು ಬೆರಳೆತ್ತಿ ಸುಮ್ಮನಿರಲು ಹೇಳಿದಳು. ಆಮೇಲೆ ಅಂದಳು:

"ಒಳಗ ಮನಶ್ಯಾ ಅದಾನ. ಬಡ್ಯಾಕತ್ತಾನ."

ನಾನು ಕಿವಿ ಕೊಟ್ಟೆ. ಗೋಡೆ ತಣ್ಣಗಿತ್ತು. ದೂರದಲ್ಲಿ ಯಂತ್ರದ ಗುಂಯ್‌ಗುಡುವಿಕೆ, ಅಷ್ಟೇ.

"ಪಂಪು ಅದು, ದೊಡ್ಡವ್ವ."

"ಪಂಪು ಮೂರು ಸಲ ಬಡದು ನಿಂದ್ರಂಗಿಲ್ಲ. ಮೂರು ಸಲ ಬಡಿತಾನ, ನಿಂದ್ರತಾನ. ಮತ್ತ ಮೂರು ಸಲ."

ಹತ್ತಿರದಲ್ಲಿ ಹಾದುಹೋಗುತ್ತಿದ್ದ ಹಡಗಿನ ಕೆಲಸಗಾರನನ್ನು ಕೇಳಿದೆ. ಗೋಡೆಯ ಆಚೆ ಹಳೆಯ ಹಾಸಿಗೆ ಬಟ್ಟೆಗಳ ಉಗ್ರಾಣವಿದೆ, ಅದರ ಬಾಗಿಲು ಸುತ್ತಿ ಹೋದರೆ ಆಚೆ ಕಡೆಗಿದೆ, ಚಿಲಕ ಕೆಟ್ಟಿದೆಯೆಂದು ಬೆಳಿಗ್ಗೆಯೇ ಎಳೆದು ಮುಚ್ಚಿದ್ದೇವೆ, ಒಳಗೆ ಯಾರೂ ಇಲ್ಲ ಅಂದ. ಆಕೆಗೆ ಅದನ್ನೇ ಹೇಳಿ ನಾನು ಮೇಲೆ ಹೋದೆ. ನಿಜ ಹೇಳಬೇಕೆಂದರೆ ಆ ಓಣಿಯಿಂದ ಮೇಲೆ ಹೋಗಲು ನೆಪ ಸಿಕ್ಕಿದ್ದು ನನಗೆ ಹಿತವಾಗಿತ್ತು.

ಮೂರು ಗಂಟೆಗೆ ಕೆಲಸ ಮುಗಿಯಿತು. ಮೂರೂವರೆಯೊಳಗೆ ಹೊರಗಿನವರೆಲ್ಲ ಹಡಗು ಬಿಡಬೇಕು. ಏಣಿಯ ಹತ್ತಿರ ಹೆಂಗಸರು ಸಾಲಾಗಿ ನಿಂತರು. ಎದುರಿನಿಂದ ಹೊಸ ಪ್ರವಾಸಿಗರ ಪೆಟ್ಟಿಗೆಗಳು ನುಗ್ಗುತ್ತಿದ್ದವು. ನಾನು ಗಡಿಬಿಡಿಯಲ್ಲಿ ಮುಖ ನೋಡದೆ ಹೆಸರುಗಳ ಮುಂದೆ 'ಹೊರಗೆ, ಹೊರಗೆ' ಎಂದು ಬರೆಯುತ್ತಾ ಹೋದೆ. ಬರೆದು ಮುಗಿದ ಮೇಲೆ ರೇಣವ್ವ ಅಂದಳು:

"ದೊಡ್ಡವ್ವ ಎಲ್ಲಿ?"

ನಾನು ಮತ್ತೆ ನಾಲ್ಕನೇ ಅಂತಸ್ತಿಗೆ ಓಡಿದೆ. ಆಕೆ ಆ ಗೋಡೆಗೆ ಬೆನ್ನು ಕೊಟ್ಟು, ತೊಳೆದು ಇನ್ನೂ ಆರದ ನೆಲಹಾಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕೆಲಸದ ನೀಲಿ ಅಂಗಿ ಬಿಚ್ಚಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏಳು ದೊಡ್ಡವ್ವ. ಎಲ್ಲಾರೂ ಕಾಯಾಕತ್ತಾರ. ನನ್ನ ಕೆಲಸಾ ಹೋಗತೈತಿ."

"ನನ್ನ ಹೆಸರಿನ ಮುಂದ ಏನ್ ಬರದೀ?"

ಆಕೆಗೆ ಓದಲು ಬರುತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಹೊರಗ ಅಂತ ಬರದೇನಿ" ಅಂದೆ.

ಆಕೆ ಬೈಯಲಿಲ್ಲ. ತಲೆಯಾಡಿಸಿದಳು, ನಿರೀಕ್ಷಿಸಿದ್ದೇ ಆಯಿತು ಅನ್ನುವ ಹಾಗೆ. ಆಗ, ಹನ್ನೊಂದು ವರ್ಷದ ಪರಿಚಯದಲ್ಲಿ ಮೊದಲ ಸಲ, ಆಕೆ ಗಂಡನ ವಿಷಯ ಎತ್ತಿದಳು.

"ಹಿಂಗ ಬರದಿದ್ರು, ತಮ್ಮಾ. ಆಗ ನನ್ನ ಸುವರ್ಣಾ ಆರು ವರ್ಷದಾಕಿ. ಅದರಪ್ಪ ಕಬ್ಬಿಣದ ಅದಿರು ತುಂಬೂ ಹಡಗಿನ್ಯಾಗ ಇಳದು ಮಣ್ಣು ಸಮಾ ಮಾಡೂ ಕೆಲಸಕ್ಕ ಹೋಗತಿದ್ದ. ಒಂದ ದಿನಾ ಸಂಜಿಗೆ ಬರಲಿಲ್ಲ. ನಾ ಕೂಸಿನ್ನ ಎತಗೊಂಡು ಗೇಟಿಗೆ ಹೋದೆ. ಮುಕಾದಮ ಪಟ್ಟಿ ತೋರಿಸಿದ. 'ಇಲ್ಲಿ ನೋಡು, ಹೊರಗ ಹೋಗ್ಯಾನ, ಬರದೈತಿ' ಅಂದ. ನಾ ಅಂದೆ, 'ಅವನ ಚಪ್ಪಲಿ ಇಲ್ಲೇ ದಂಡಿಗೆ ಅದಾವಲ್ರಿ, ಬುತ್ತಿ ಡಬ್ಬಿ ಇಲ್ಲೇ ಐತಲ್ರಿ. ಅಂವ ಒಳಗ ಅದಾನ, ಒಮ್ಮೆ ನೋಡ್ರಿ.' ನಕ್ಕರು. ಯಾರ್ನರ ಕಟಗೊಂಡು ಓಡಿ ಹೋಗಿರತಾನ ಅಂದ್ರು. ಮರುದಿನಾ ಹಡಗಿನ ಬಾಯಿ ಮುಚ್ಚಿದ್ರು. ಹಡಗು ಹೋತು. ನಾ ದಂಡಿ ಮ್ಯಾಲ ನಿಂತು ನೋಡಿದೆ, ಕಾಣೂತನಕಾ."

"ಆ ಹಡಗು ಬ್ಯಾರೆ, ದೊಡ್ಡವ್ವ. ಇದು ಬ್ಯಾರೆ."

"ಹಡಗ ಎಲ್ಲಾ ಒಂದ ನೀರಾಗ ನಿಂದ್ರತಾವು" ಅಂದಳು ಆಕೆ. "ನಾ ಒಳಗ ಅದೇನಂತ ಬರಿ. ಗ್ವಾಡಿ ಆಚಿಗಿ ಇರಾವ್ರನ್ನ ತಗೀತನಕಾ ನಾ ಇಳಿಯಂಗಿಲ್ಲ."

ನನಗೆ ಆಗ ಕರುಣೆಗಿಂತ ಹೆಚ್ಚಾಗಿ ಭಯವಾಯಿತು. ಒಬ್ಬ ಮುದುಕಿ ಹಡಗಿನಲ್ಲಿ ಉಳಿದರೆ ಗುತ್ತಿಗೆ ಹೋಗುತ್ತದೆ, ಹನ್ನೆರಡು ಮನೆಗಳ ಕೆಲಸ ಹೋಗುತ್ತದೆ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ 'ಹೊರಗೆ' ಅಂತ ಆಗಲೇ ಇದೆ. ನಾನು ಸುಮ್ಮನೆ ಇಳಿದುಹೋದರೆ? ಆ ಯೋಚನೆ ನನಗೆ ಬಂದಿತ್ತು. ಮೊನ್ನೆ ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಇಳಿಯಲಿಲ್ಲ, ಪಟ್ಟಿಯಲ್ಲಿ 'ಹೊರಗೆ' ಅನ್ನುವ ಶಬ್ದ ಹೊಡೆದು 'ಒಳಗೆ' ಅಂತ ತಿದ್ದಿದೆ. ಆಮೇಲೆ ಹಡಗಿನ ಸ್ವಚ್ಛತಾ ವಿಭಾಗದ ಮುಖ್ಯಸ್ಥೆಯನ್ನು ಹುಡುಕಲು ಹೊರಟೆ. ಗೋವಾದವರೇ ಆದ ಅವರನ್ನು ನಾವು ಫರ್ನಾಂಡಿಸ್ ಬಾಯಿ ಅನ್ನುತ್ತಿದ್ದೆವು.

ಅವರು ಸಿಕ್ಕಿದ್ದು ಐದನೇ ಅಂತಸ್ತಿನ ಸ್ವಾಗತ ಕಟ್ಟೆಯ ಹತ್ತಿರ. ಅಲ್ಲಿ ಹಳದಿ ಟೀ ಶರ್ಟಿನ ಒಂದು ಕುಟುಂಬ ಸುತ್ತುವರಿದು ನಿಂತಿತ್ತು. ಪುಣೆ ಕಡೆಯವರು, ಹದಿನೆಂಟು ಜನ. ಅವರಲ್ಲಿ ಅರ್ಧ ಜನ ಆಗಷ್ಟೇ ಊರು ಸುತ್ತಿ ಬಂದಿದ್ದರು. ಮನೆಯ ಹಿರಿಯರು, ಎಂಬತ್ತು ದಾಟಿದ ಅಜ್ಜ, ಕಾಣುತ್ತಿರಲಿಲ್ಲ. ಹಿರಿಯ ಮಗ, ಅಪ್ಪ ತಮ್ಮನ ಜೊತೆ ಹಡಗಿನಲ್ಲೇ ಇದ್ದಾರೆ ಅಂದುಕೊಂಡಿದ್ದ. ತಮ್ಮನೋ, ಅಪ್ಪ ಅಣ್ಣನ ಜೊತೆ ಊರು ನೋಡಲು ಹೋಗಿದ್ದಾರೆ ಅಂದುಕೊಂಡಿದ್ದ.

ಕಟ್ಟೆಯ ಹುಡುಗಿ ಕಂಪ್ಯೂಟರ್ ನೋಡಿ ಶಾಂತವಾಗಿ ಹೇಳುತ್ತಿದ್ದಳು. "ಸರ್, ಅವರು ಬೆಳಿಗ್ಗೆ ಒಂಬತ್ತೂವರೆಗೆ ಹೊರಗೆ ಹೋಗಿದ್ದಾರೆ. ಈಗ ಇಪ್ಪತ್ತು ನಿಮಿಷದ ಹಿಂದೆ ವಾಪಸ್ ಬಂದಿದ್ದಾರೆ. ಇಲ್ಲೇ ಎಲ್ಲೋ ಇರುತ್ತಾರೆ, ಚಹಾ ಕುಡಿಯುತ್ತಿರಬಹುದು."

ಹಿರಿಯ ಮಗ ಜೇಬಿನಿಂದ ತನ್ನ ಹಡಗಿನ ಕಾರ್ಡು ತೆಗೆದ. ನೋಡಿದ. ಅದನ್ನು ಕಟ್ಟೆಯ ಮೇಲೆ ಇಟ್ಟ. ಕಾರ್ಡಿನ ಮೇಲೆ ಅಪ್ಪನ ಹೆಸರಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಮೇಜಿನ ಮೇಲಿಂದ ಅಪ್ಪನ ಕಾರ್ಡು ಎತ್ತಿಕೊಂಡಿದ್ದ, ಅದನ್ನೇ ತೋರಿಸಿ ಹೋಗಿದ್ದ, ಅದನ್ನೇ ತೋರಿಸಿ ಬಂದಿದ್ದ. ನೂಕುನುಗ್ಗಲಿನಲ್ಲಿ ಏಣಿಯ ಹತ್ತಿರ ಯಾರೂ ಮುಖ ನೋಡಿರಲಿಲ್ಲ. ಕಂಪ್ಯೂಟರಿನ ಪಾಲಿಗೆ ಅಜ್ಜ ಗೋವಾ ನೋಡಿ ಬಂದಾಗಿತ್ತು.

ನಾನು ಗುಂಪಿನ ನಡುವೆ ನುಗ್ಗಿದೆ. "ಬಾಯಿ" ಎಂದು ಕೊಂಕಣಿಯಲ್ಲಿ ಕೂಗಿದೆ, "ನಾಲ್ಕನೇ ಅಂತಸ್ತಿನ ಉಗ್ರಾಣ ತೆಗೆಸಿ. ದಯವಿಟ್ಟು ಈಗಲೇ."

ಅವರು ಯಾಕೆ ಅಂತ ಕೇಳಲಿಲ್ಲ. ನನ್ನ ಮುಖ ನೋಡಿ ಬೀಗದ ಗೊಂಚಲು ಹಿಡಿದು ನಡೆದರು.

ಉಗ್ರಾಣದ ಬಾಗಿಲು ತೆರೆದಾಗ ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅಜ್ಜ ಗೌನುಗಳ ಗಂಟಿನ ಮೇಲೆ ಗೋಡೆಗೊರಗಿ ಕೂತಿದ್ದರು. ಶೌಚಾಲಯವೆಂದು ತಿಳಿದು ಒಳಗೆ ಹೋಗಿದ್ದರಂತೆ. ನಂತರ ಯಾರೋ ಹೊರಗಿನಿಂದ ಬಾಗಿಲು ಎಳೆದುಬಿಟ್ಟಿದ್ದರು, ಒಳಗಿನ ಚಿಲಕ ಕಿತ್ತು ಬಂದಿತ್ತು. ತುಟಿ ಒಡೆದು ಬಿಳುಚಿಕೊಂಡಿತ್ತು. ಕಣ್ಣು ತೆರೆದಿತ್ತು. ಜೀವವಿತ್ತು. ಮಗ ಅಪ್ಪನ ಕಾಲಿಗೆ ತಲೆಯಿಟ್ಟು ಮಗುವಿನಂತೆ ಅತ್ತ. ಹಡಗಿನ ವೈದ್ಯರು ಬಂದರು. ಅಜ್ಜನನ್ನು ಎತ್ತಿ ಓಣಿಗೆ ತಂದು ಗಾಲಿ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಅಷ್ಟರಲ್ಲಿ ದೊಡ್ಡವ್ವ ಗೋಡೆ ಸುತ್ತಿ ಬಂದು ನಿಂತಿದ್ದಳು.

ಅಜ್ಜ ನೀರು ಕುಡಿದು ಮೊದಲು ಆಡಿದ ಮಾತು ಮರಾಠಿಯಲ್ಲಿ, ಮೆಲ್ಲಗೆ. "ಆ ಇನ್ನೊಬ್ಬನನ್ನೂ ಕರೆಯಿರಿ. ಪಾಪ, ಅವನೂ ಒಳಗಿದ್ದಾನೆ."

ಎಲ್ಲರೂ ಒಳಗೆ ನೋಡಿದೆವು. ಗೌನಿನ ಗಂಟುಗಳು, ಮುರಿದ ಎರಡು ಕುರ್ಚಿ. ಕುಳಿತುಕೊಳ್ಳಲು ಇನ್ನೊಬ್ಬರಿಗೆ ಜಾಗವೂ ಇರಲಿಲ್ಲ.

"ಯಾರೂ ಇಲ್ಲ ಅಪ್ಪಾ" ಎಂದ ಮಗ.

"ಇದ್ದಾನೆ. ಬೆಳಿಗ್ಗೆಯಿಂದ ನನ್ನ ಕೈ ಹಿಡಿದು ಕೂತಿದ್ದ. ಗೋಡೆ ಬಡಿದವನು ಅವನೇ. ನನಗೆ ಕೈ ಏಳುತ್ತಿರಲಿಲ್ಲ."

ದೊಡ್ಡವ್ವ ಮಂದಿಯನ್ನು ಸರಿಸಿ ಗಾಲಿ ಕುರ್ಚಿಯ ಮುಂದೆ ಮೊಣಕಾಲೂರಿದಳು. ಅಷ್ಟು ವರ್ಷ ಗೋವಾದಲ್ಲಿ ದುಡಿದ ಆಕೆಗೆ ಮುರುಕು ಮರಾಠಿ ಬರುತ್ತಿತ್ತು. ಅವನು ಹೇಗಿದ್ದ ಅಂತ ಕೇಳಿದಳು.

"ಕತ್ತಲೆ, ಮುಖ ಕಾಣಲಿಲ್ಲ" ಎಂದರು ಅಜ್ಜ. "ಮೈಯೆಲ್ಲ ಪುಡಿ ಪುಡಿ, ಮಣ್ಣಿನ ಹಾಗೆ. ಹಿಡಿದ ಕೈಗೆ ಕಿರುಬೆರಳಿರಲಿಲ್ಲ."

"ಎಡಗೈ?" ಎಂದಳು ದೊಡ್ಡವ್ವ.

ಅಜ್ಜ ಸ್ವಲ್ಪ ಯೋಚಿಸಿದರು. "ಎಡಗೈ" ಎಂದರು.

ವೈದ್ಯರು ಇಂಗ್ಲಿಷಿನಲ್ಲಿ ಮಗನಿಗೆ ಏನೋ ಹೇಳಿದರು. ಮೈಯಲ್ಲಿ ನೀರು ಕಡಿಮೆಯಾದಾಗ ವಯಸ್ಸಾದವರಿಗೆ ಇಂಥದ್ದೆಲ್ಲ ಕಾಣುತ್ತದೆ ಅಂತ. ಇರಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಕೆಯ ಗಂಡನ ಎಡಗೈಯ ಕಿರುಬೆರಳು ಕ್ವಾರಿಯಲ್ಲಿ ಕಲ್ಲು ಒಡೆಯುವಾಗ ಹೋಗಿತ್ತೆಂದು, ಅವರ ಊರಿನವಳೇ ಆದ ರೇಣವ್ವ ಆಮೇಲೆ ನನಗೆ ಹೇಳಿದಳು. ಅಜ್ಜನಿಗೆ ಅದನ್ನು ಯಾರೂ ಹೇಳಿರಲು ಸಾಧ್ಯವಿರಲಿಲ್ಲ.

ಅಜ್ಜನನ್ನು ಕರೆದುಕೊಂಡು ಹೋದರು. ಮಂದಿಯೆಲ್ಲ ಅವರ ಹಿಂದೆ ಹೋದರು. ನಾನು, ಫರ್ನಾಂಡಿಸ್ ಬಾಯಿ, ದೊಡ್ಡವ್ವ ಉಳಿದೆವು. ಆಕೆ ಯಾರನ್ನೂ ಕೇಳದೆ ಆ ಉಗ್ರಾಣದ ಒಳಗೆ ಹೋದಳು. ದೀಪವಿರಲಿಲ್ಲ. ಒಳಗಿನಿಂದ ಆಕೆಯ ದನಿ ಕೇಳಿಸಿತು. ಮನೆಯಲ್ಲಿ ಗಂಡನ ಜೊತೆ ಸಣ್ಣ ದನಿಯಲ್ಲಿ ಜಗಳವಾಡುವ ಹೆಂಗಸಿನ ದನಿ. ಮಾತು ಬಿಡಿಸಿ ಕೇಳಲಿಲ್ಲ. ನಡುವೆ ನಿಲ್ಲಿಸುತ್ತಿದ್ದಳು, ಉತ್ತರಕ್ಕೆ ಕಾಯುವಷ್ಟು. ಫರ್ನಾಂಡಿಸ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಆಮೇಲೆ ಹೊರಗೆ ಬಂದು ಬಾಗಿಲು ಹಿಡಿದು ಪಕ್ಕಕ್ಕೆ ಸರಿದು ನಿಂತಳು. ಹತ್ತು ಎಣಿಸುವಷ್ಟು ಹೊತ್ತಲ್ಲ. ತುಂಬ ಹೊತ್ತು. ಅದು ಯಾವ ಗಳಿಗೆ ಅಂತ ಹೇಳಲಾರೆ, ನನ್ನ ಮೂಗಿಗೆ ಅದಿರಿನ ವಾಸನೆ ಬಂತು. ಮೊದಲ ಮಳೆಗೆ ನೆನೆದ ಕಬ್ಬಿಣದ ಮಣ್ಣಿನ ವಾಸನೆ. ವಾಸ್ಕೊದಲ್ಲಿ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾಬೂನು, ಸುಗಂಧ, ತಂಪು ಗಾಳಿಯ ಆ ಓಣಿಯಲ್ಲಿ ಅದು ನನ್ನ ಪಕ್ಕದಿಂದ ಹಾದು ಮುಂದೆ ಹೋಯಿತು. ದೊಡ್ಡವ್ವ ಬಾಗಿಲು ಮುಚ್ಚಿದಳು.

"ನಡೀರಿ" ಅಂದಳು. ಆ ಮಾತು ನನಗೆ ಅಂದದ್ದಲ್ಲ. ನನ್ನನ್ನು ಆಕೆ ಎಂದೂ 'ರೀ' ಹಚ್ಚಿ ಕರೆದವಳಲ್ಲ.

ಏಣಿಯ ಹತ್ತಿರ ನಮ್ಮ ಹೆಂಗಸರು ಕಾದು ಸುಸ್ತಾಗಿ ಕೂತಿದ್ದರು. ನಾನು ಪಟ್ಟಿ ತೆಗೆದೆ. ಆಕೆಯ ಹೆಸರಿನ ಮುಂದೆ 'ಹೊರಗೆ' ಎಂದು ಬರೆದೆ, ಈ ಸಲ ಮುಖ ನೋಡಿ ಬರೆದೆ.

"ಕೆಳಗ ಇನ್ನೊಂದು ಹೆಸರ ಬರಿ" ಅಂದಳು.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಕೆ ಹೇಳಿದಳು. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ, ಕಚೇರಿಯಲ್ಲಿ ಹೇಳುವ ಹಾಗೆ ಬಿಡಿಬಿಡಿಯಾಗಿ ಹೇಳಿದಳು. ನಾನು ಬರೆದೆ. ಅದರ ಮುಂದೆ 'ಹೊರಗೆ' ಎಂದು ಬರೆದೆ. ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಂದಿರಲಿಲ್ಲ.

ಏಣಿಯ ಬುಡದಲ್ಲಿ ಕಾವಲಿನವನೊಬ್ಬ ನಿಂತಿರುತ್ತಿದ್ದ, ಬಿಹಾರದವನು. ಇಳಿಯುವ ಒಬ್ಬೊಬ್ಬರಿಗೂ ಕೈಯಲ್ಲಿನ ಗುಂಡಿ ಒತ್ತಿ ಎಣಿಸುವುದು ಅವನ ಕೆಲಸ. ಹೆಂಗಸರು ಇಳಿದರು, ಕೊನೆಗೆ ದೊಡ್ಡವ್ವ, ಆಕೆಯ ಹಿಂದೆ ಸ್ವಲ್ಪ ಅಂತರ ಬಿಟ್ಟು ನಾನು. ಅಂತರ ಯಾಕೆ ಬಿಟ್ಟೆ ನನಗೆ ಗೊತ್ತಿಲ್ಲ. ಪಟ್ಟಿ ಅವನಿಗೆ ಕೊಟ್ಟೆ. ಬೆಳಿಗ್ಗೆ ಹದಿಮೂರು ಜನ ಹತ್ತಿದ್ದು ಅವನಿಗೂ ಗೊತ್ತಿರಬೇಕು. ಸಿಕ್ಕಿಬೀಳುತ್ತೇನೆ ಅಂದುಕೊಂಡೆ. ಅವನು ಪಟ್ಟಿಯ ಸಾಲುಗಳ ಮೇಲೆ ಬೆರಳಾಡಿಸಿದ, ಕೈಯಲ್ಲಿನ ಎಣಿಕೆ ನೋಡಿದ.

"ಹದಿನಾಲ್ಕು. ಬರಾಬರ್" ಎಂದು ಹಿಂದಿಯಲ್ಲಿ ಹೇಳಿ ಸಹಿ ಹಾಕಿದ.

ಅಜ್ಜ ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಊರಿಗೆ ಹೋದರು. ಹಿರಿಯ ಮಗ ದೊಡ್ಡವ್ವನನ್ನು ಹುಡುಕಿಕೊಂಡು ಬಂದಿದ್ದ, ಕಾಲು ಮುಟ್ಟಿ ನಮಸ್ಕಾರ ಮಾಡಲು. ಆದರೆ ಆಕೆ ಅಷ್ಟರಲ್ಲಿ ವಾಸ್ಕೊದ ಖೋಲಿ ಬಿಟ್ಟು ಉಸಗಾಂವಕ್ಕೆ ಮಗಳ ಹತ್ತಿರ ಹೋಗಿಬಿಟ್ಟಿದ್ದಳು. ಮತ್ತೆ ಯಾವ ಹಡಗನ್ನೂ ಹತ್ತಲಿಲ್ಲ. ನಾನು ವರ್ಷಕ್ಕೆ ಒಂದೆರಡು ಸಲ ಹೋಗಿ ಬರುತ್ತಿದ್ದೆ. ಆ ದಿನದ ಮಾತು ಎತ್ತುವ ಧೈರ್ಯ ನನಗೂ ಆಗಲಿಲ್ಲ, ಆಕೆಯೂ ಎತ್ತಲಿಲ್ಲ. ಹಣೆ ಬರಿದಾಗಿತ್ತು. ಮೈ ತುಂಬಿಕೊಂಡಿತ್ತು. ಮೊಮ್ಮಗಳ ಜಡೆ ಹಾಕುತ್ತಾ ಟೀವಿಯ ಧಾರಾವಾಹಿಯ ಅತ್ತೆಯನ್ನು ಬಾಯಿ ತುಂಬ ಬೈಯುತ್ತಿದ್ದಳು.

ಆಕೆ ತೀರಿಕೊಂಡ ಮೇಲೆ ದಿನದ ಊಟಕ್ಕೆ ಹೋದಾಗ ಸುವರ್ಣಾ ನನ್ನನ್ನು ಒಳಗೆ ಕರೆದು ಕೂರಿಸಿದಳು. ಅವಳ ಗಂಡ ಕುಂಡಯಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಅವನು ಹೊರಗೆ ಬಂದವರಿಗೆ ಎಲೆ ಹಾಕಿಸುತ್ತಿದ್ದ.

"ಅಣ್ಣಾರ, ಒಂದ ಮಾತು ಕೇಳತೇನ್ರಿ. ಅವತ್ತ ಅವ್ವ ಹಡಗಿನಿಂದ ಸೀದಾ ಇಲ್ಲಿಗೇ ಬಂದಳು. ಬಾಗಲದಾಗ ನಿಂತು ಬಳಿ ಒಡಕೊಂಡಳು. 'ನಿಮ್ಮಪ್ಪ ಹೊರಗ ಬಂದ, ಇನ್ನ ಅವನ ದಿನಾ ಮಾಡೂನು' ಅಂದಳು. ಅಷ್ಟ. ನಾ ತಲಿ ಕೆಟ್ಟೈತಿ ಅಂತ ತಿಳಕೊಂಡೆ. ಅವ್ವ ಮೊದಲಿಂದ ಹೇಳತಿದ್ಲು, ಅಂವ ಓಡಿ ಹೋಗಿಲ್ಲ, ಹಡಗಿನ್ಯಾಗ ಅದಾನ ಅಂತ. ನಾ ಒಂದಿನಾನೂ ನಂಬಿಲ್ರಿ. ಸಾಲ್ಯಾಗ ಹುಡುಗ್ಯಾರು ಓಡಿಹೋದಾವನ ಮಗಳು ಅಂತಿದ್ರು. ನಾನೂ ಅವಂಗ ಶಾಪಾ ಹಾಕೇನಿ, ಸಣ್ಣಾಕಿದ್ದಾಗಿಂದ. ಅವತ್ತ ಏನಾತ್ರಿ?"

ನಾನು ಎಲ್ಲವನ್ನೂ ಹೇಳಿದೆ. ಗೋಡೆಯ ಸದ್ದು, ಅಜ್ಜನ ಮಾತು, ಕಿರುಬೆರಳು, ವಾಸನೆ, ನಾನು ಬರೆದ ಹೆಸರು, ಕಾವಲಿನವನ ಎಣಿಕೆ. ಆಕೆಯನ್ನು ಬಿಟ್ಟು ಇಳಿಯಬೇಕೆಂದು ನಾನು ಒಂದು ಗಳಿಗೆ ಯೋಚಿಸಿದ್ದನ್ನೂ ಹೇಳಿದೆ. ಸುವರ್ಣಾ ಕಣ್ಣು ಮಿಟುಕಿಸದೆ ಕೇಳಿದಳು.

"ಅಂದ್ರ ಅಂವ ನಮ್ಮನ್ನ ಬಿಟ್ಟು ಹೋಗಿದ್ದಿಲ್ಲ" ಅಂದಳು.

"ಇಲ್ಲವ್ವಾ, ಹೋಗಿದ್ದಿಲ್ಲ."

ಅವಳು ಎದ್ದು ಹೊರಗೆ ಹೋದಳು. ಆ ಖೋಲಿಗಳ ಸಾಲಿನ ಮುಂದೆ ನೆರೆಯ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು, ಅನ್ನ ಬಸಿಯುತ್ತಿದ್ದರು. ಸುವರ್ಣಾ ಅಂಗಳದ ನಡುವೆ ನಿಂತಳು. ಗಂಡನಿಗೆ ಹೇಳುವ ಹಾಗೆ ಶುರು ಮಾಡಿದಳು, ಆದರೆ ದನಿ ಗಂಡನನ್ನು ದಾಟಿ ಸಾಲಿನ ಕೊನೆಯ ಮನೆಯವರೆಗೆ ಹೋಯಿತು.

"ಕೇಳಿದ್ರೇನ್ರಿ? ನಮ್ಮಪ್ಪ ಎಲ್ಲೂ ಓಡಿ ಹೋಗಿದ್ದಿಲ್ಲ. ಕೆಲಸಕ್ಕ ಹೋಗಿದ್ದ. ಕೆಲಸದಾಗ ಸತ್ತ."

ಒಬ್ಬೊಬ್ಬರೇ ಕೈಯಲ್ಲಿನ ಪಾತ್ರೆ ಕೆಳಗಿಟ್ಟು ಅವಳ ಕಡೆ ತಿರುಗಿದರು. ಯಾರೋ ನೀರಿನ ನಲ್ಲಿ ನಿಲ್ಲಿಸಿದರು. ಸುವರ್ಣಾ ಮೂಗು ಒರೆಸಿಕೊಂಡು, ಕೇಳಿಸದವರಿಗಾಗಿ, ಇನ್ನೊಮ್ಮೆ ಹೇಳಿದಳು.